ಸ್ಪೈ ಥ್ರಿಲ್ಲರ್, ಮಿಲಿಟರಿ ಸೈ-ಫೈ: ಎರಡರಲ್ಲೂ ನಿಜವಾದ ವಿಲನ್ ಹೆಡ್ಡಾಫೀಸೇ ಅಲ್ವಾ?

ಮಸಿಬಾಟ್ಲಿ:

ಕೆಲವು ತಿಂಗಳಿಂದ ನನ್ನ ಓದೆಲ್ಲ ಎರಡೇ ಬಗೆಯ ಪುಸ್ತಕಗಳಲ್ಲಿ ಸಿಕ್ಕಿಹಾಕಿಕೊಂಡಿದೆ. ಒಂದು ಗೂಢಚಾರರ ಥ್ರಿಲ್ಲರ್. ಇನ್ನೊಂದು ಬಾಹ್ಯಾಕಾಶದಲ್ಲಿ ನಡೆಯುವ ಯುದ್ಧದ ಕಾದಂಬರಿ. ಒಂದು ಬೇಜಾರಾದರೆ ಇನ್ನೊಂದಕ್ಕೆ ಹಾರಬಹುದು ಎಂಬ ಲೆಕ್ಕಾಚಾರ. ಆದರೆ ಓದುತ್ತಾ ಹೋದ ಹಾಗೆ ಒಂದೇ ಕಥೆ ಎರಡು ವೇಷ ಹಾಕಿಕೊಂಡು ಬರುತ್ತಿದೆ ಅನ್ನಿಸತೊಡಗಿದೆ.

ಮಿಕ್ ಹೆರನ್ ಅವರ 'ಸ್ಲೋ ಹಾರ್ಸಸ್' (2010) ತೆಗೆದುಕೊಳ್ಳಿ. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ನಲ್ಲಿ ಎಡವಟ್ಟು ಮಾಡಿದವರನ್ನು ಕೆಲಸದಿಂದ ತೆಗೆಯುವುದಿಲ್ಲ. ಸ್ಲೌ ಹೌಸ್ ಎಂಬ ಪಾಳು ಕಟ್ಟಡಕ್ಕೆ ತಳ್ಳುತ್ತಾರೆ. ತಲೆ ಕೆಡಿಸುವಷ್ಟು ನೀರಸ ಕೆಲಸ ಕೊಟ್ಟು, ತಾವಾಗಿಯೇ ರಾಜೀನಾಮೆ ಬರೆದುಕೊಡಲಿ ಎಂದು ಕಾಯುತ್ತಾರೆ. ಹೆರನ್ ಬೇಹುಗಾರಿಕೆಯಲ್ಲಿ ಇದ್ದವರೇ ಅಲ್ಲ. ಉದ್ಯೋಗ ಕಾನೂನಿಗೆ ಸಂಬಂಧಿಸಿದ ಪತ್ರಿಕೆಯಲ್ಲಿ ಉಪಸಂಪಾದಕರಾಗಿದ್ದವರು. ಅದು ಪುಟಪುಟದಲ್ಲೂ ಕಾಣುತ್ತದೆ. ಅವರ ಪುಸ್ತಕಗಳಲ್ಲಿ ಗುಂಡು ಹಾರುವ ದೃಶ್ಯಗಳಿಗಿಂತ ಮೀಟಿಂಗ್ ದೃಶ್ಯಗಳಲ್ಲೇ ಜಾಸ್ತಿ ರಕ್ತ ಹರಿಯುತ್ತದೆ.

ಅದರ ಪಕ್ಕದಲ್ಲಿ ಕ್ಯಾಮರನ್ ಹರ್ಲಿ ಅವರ 'ದಿ ಲೈಟ್ ಬ್ರಿಗೇಡ್' (2019) ಇಟ್ಟು ನೋಡಿ. ಇಲ್ಲಿ ಸೈನಿಕರನ್ನು ಬೆಳಕಾಗಿ ಒಡೆದು ರಣರಂಗಕ್ಕೆ ಕಳಿಸುತ್ತಾರೆ. ಅಲ್ಲಿ ಮತ್ತೆ ಮೈ ಕೂಡಿಕೊಳ್ಳುತ್ತದೆ. ಡೀಟ್ಸ್ ಎಂಬ ಸಿಪಾಯಿಗೆ ಮಾತ್ರ ಈ ಜಿಗಿತಗಳು ಹಿಂದುಮುಂದಾಗಿ ಬರುತ್ತವೆ. ನಾಳೆಯ ಯುದ್ಧ ಮೊದಲು, ನಿನ್ನೆಯದು ಆಮೇಲೆ. ಹಾಗಾಗಿ ಮೇಲಿನವರು ಇವತ್ತು ಹೇಳುವ ಸುಳ್ಳು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಡೀಟ್ಸ್‌ಗೆ ಮುಂಚೆಯೇ ಗೊತ್ತಾಗುತ್ತಾ ಹೋಗುತ್ತದೆ.

ಲಂಡನ್ನಿನ ಪಾಳು ಆಫೀಸು, ಮಂಗಳದ ರಣರಂಗ. ಆದರೆ ಪ್ರಶ್ನೆ ಒಂದೇ: ಮೇಲಿನವರು ನಮ್ಮಿಂದ ಏನನ್ನು ಮುಚ್ಚಿಟ್ಟಿದ್ದಾರೆ? ಹೊರಗಿನ ಶತ್ರು ಬರೀ ನೆಪ. ಈಚಿನ ಒಳ್ಳೆಯ ಪುಸ್ತಕಗಳೆಲ್ಲ ಹೀಗೇ ಇವೆ ಅಂತ ನನ್ನ ವಾದ. ಒಪ್ಪದವರು ಬನ್ನಿ, ಪುಸ್ತಕದ ಹೆಸರು ಹಿಡಿದು ಜಗಳ ಆಡೋಣ. ಕೊನೆ ಮಾತ್ರ ಯಾರೂ ಬಿಟ್ಟುಕೊಡಬೇಡಿ.

ತೋಪಖಾನೆ:

ಒಪ್ಪುವುದಿಲ್ಲ. ದಿನವಿಡೀ ಆಫೀಸಿನಲ್ಲಿ ಸಾಯುವ ನಾನು ರಾತ್ರಿ ಓದುವಾಗಲೂ ಆಫೀಸು ರಾಜಕೀಯ ಯಾಕೆ ನೋಡಬೇಕು? ನನಗೆ ಹಡಗು ಬೇಕು, ಹಡಗು ಒಡೆಯಬೇಕು. ಮಾರ್ಕೊ ಕ್ಲೂಸ್ ಅವರ 'ಟರ್ಮ್ಸ್ ಆಫ್ ಎನ್‌ಲಿಸ್ಟ್‌ಮೆಂಟ್' (2013) ಓದಿ. ಲೇಖಕರು ಜರ್ಮನ್ ಸೇನೆಯಲ್ಲಿ ಇದ್ದವರು. ತರಬೇತಿ, ಆಯುಧ, ಬೈಗುಳ ಎಲ್ಲ ಅಚ್ಚುಕಟ್ಟಾಗಿದೆ. ಸುಮ್ನೆ ಓಡಿಸಿಕೊಂಡು ಹೋಗುತ್ತದೆ.

ಮಸಿಬಾಟ್ಲಿ:

ತೋಪಖಾನೆ ಅವರೇ, ನೀವೇ ಕೊಟ್ಟ ಉದಾಹರಣೆ ನೋಡಿ. ಆ ಪುಸ್ತಕದ ನಾಯಕ, ಆ ಹುಡುಗ ಸೇನೆಗೆ ಯಾಕೆ ಸೇರುತ್ತಾನೆ? ಸರ್ಕಾರ ಹಂಚುವ ಪಡಿತರ ತಿಂದುಕೊಂಡು ಬಡವರ ಕಾಲೋನಿಯಲ್ಲಿ ಕೊಳೆಯುವುದು ಬೇಡ ಅಂತ. ಅವನ ಮೊದಮೊದಲ ಕಾಳಗಗಳಲ್ಲಿ ಒಂದು ಅನ್ಯಗ್ರಹದವರ ಜೊತೆ ಅಲ್ಲ, ತನ್ನ ದೇಶದ್ದೇ ನಗರದಲ್ಲಿ, ತನ್ನಂಥ ಬಡವರ ಮೇಲೆ.

ತೋಪಖಾನೆ:

ಅದು ಬರೀ ಮೊದಲ ಭಾಗ ಸ್ವಾಮಿ. ಆಮೇಲೆ ದೊಡ್ಡ ದೊಡ್ಡ ಪ್ರಾಣಿಗಳು ಬರುತ್ತವೆ.

ನಿದ್ದೆಗೆಟ್ಟವ:

ಸ್ಪೈ ಕಡೆಯಿಂದ ನನ್ನ ಓಟು ಡೇವಿಡ್ ಮೆಕ್‌ಕ್ಲಾಸ್ಕಿಗೆ. ಅವರು ಸಿಐಎಯಲ್ಲಿ ವಿಶ್ಲೇಷಕರಾಗಿದ್ದವರು. 'ಡಮಾಸ್ಕಸ್ ಸ್ಟೇಷನ್' (2021) ಸಿರಿಯಾದ ಅಂತರ್ಯುದ್ಧದ ಮೊದಲ ವರ್ಷಗಳ ಕಥೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ನಡಿಗೆ. ಹೌದು, ನಡಿಗೆಯೇ. ಗುಟ್ಟಾಗಿ ಸುದ್ದಿ ಕೊಡುವ ಏಜೆಂಟನ್ನು ಭೇಟಿ ಮಾಡುವ ಮುನ್ನ ಯಾರೂ ಹಿಂಬಾಲಿಸುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಊರೆಲ್ಲ ಸುತ್ತುತ್ತಾರೆ. ಅಂಗಡಿ ಹೊಕ್ಕು, ಕಾರು ಬದಲಿಸಿ, ಗಲ್ಲಿ ತಿರುಗಿ, ತಾಸುಗಟ್ಟಲೆ. ಮಜಾ ಏನೆಂದರೆ ಬೆನ್ನುಹತ್ತಿದವರಿಗೆ ಇದು ತಪ್ಪಿಸಿಕೊಳ್ಳುವ ಆಟ ಅಂತ ಅನ್ನಿಸಬಾರದು. ತಪ್ಪಿಸಿಕೊಳ್ಳಲು ಓಡಿದರೆ ತಪ್ಪಿತಸ್ಥ ಅಂತ ನೀನೇ ಒಪ್ಪಿಕೊಂಡ ಹಾಗೆ. ಮಾಮೂಲಿ ಮನುಷ್ಯನ ಮಾಮೂಲಿ ಸಂಜೆಯ ಹಾಗೆ ಕಾಣಬೇಕು, ಒಳಗೆ ಎದೆ ಹೊಡೆದುಕೊಳ್ಳುತ್ತಿರಬೇಕು. ಈ ದೃಶ್ಯಗಳಲ್ಲಿ ಒಂದು ಗುಂಡೂ ಹಾರುವುದಿಲ್ಲ. ಆದರೂ ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಮಸಿಬಾಟ್ಲಿ ಅವರ ವಾದಕ್ಕೆ ಬಲ ಕೊಡುವುದು ಮೆಕ್‌ಕ್ಲಾಸ್ಕಿಯ ಮೂರನೇ ಕಾದಂಬರಿ 'ದಿ ಸೆವೆಂತ್ ಫ್ಲೋರ್' (2024). ಏಳನೇ ಮಹಡಿ ಅಂದರೆ ಸಿಐಎ ಕೇಂದ್ರ ಕಚೇರಿಯಲ್ಲಿ ದೊಡ್ಡವರು ಕೂರುವ ಜಾಗ. ಆರ್ಟೆಮಿಸ್ ಪ್ರಾಕ್ಟರ್ ಎಂಬ ಬಾಯಿಬಡುಕಿ ಅಧಿಕಾರಿಯನ್ನು ಕೆಲಸದಿಂದ ಕಿತ್ತುಹಾಕುತ್ತಾರೆ. ಒಳಗೆ ರಷ್ಯಾದವರ ಮನುಷ್ಯ ಒಬ್ಬನಿದ್ದಾನೆ, ಅವನು ಅವಳ ಹಳೆಯ ಗೆಳೆಯರ ಗುಂಪಿನಲ್ಲೇ ಇರಬೇಕು. ಇದು ಬರೀ ಕಟ್ಟುಕಥೆಯ ಮಾತಲ್ಲ. ಸಿಐಎಯ ಆಲ್ಡ್ರಿಚ್ ಏಮ್ಸ್ ಸಿಕ್ಕಿಬಿದ್ದದ್ದು 1994ರಲ್ಲಿ, ಎಫ್‌ಬಿಐನ ರಾಬರ್ಟ್ ಹ್ಯಾನ್ಸನ್ ಸಿಕ್ಕಿಬಿದ್ದದ್ದು 2001ರಲ್ಲಿ. ಇಬ್ಬರೂ ವರ್ಷಗಟ್ಟಲೆ ಮಾಸ್ಕೋಗೆ ಹೆಸರುಗಳನ್ನು ಮಾರಿದರು. ಆ ಹೆಸರಿನ ಹಲವರು ಗುಂಡಿಗೆ ಬಲಿಯಾದರು. ಪಕ್ಕದ ಮೇಜಿನವರು ಅವರ ಜೊತೆ ಊಟ ಮಾಡುತ್ತಲೇ ಇದ್ದರು.

ಕಾಗದದೋಣಿ:

ಮೆಕ್‌ಕ್ಲಾಸ್ಕಿ ಚೆನ್ನಾಗಿ ಬರೆಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಆ ಸಂಸ್ಥೆಯ ಮೇಲೆ ಪ್ರೀತಿ ಇನ್ನೂ ಹೋಗಿಲ್ಲ. ದೊಡ್ಡವರು ಕೆಟ್ಟವರಾದರೂ ಕೆಲಸ ಒಳ್ಳೆಯದು ಎಂಬ ನಂಬಿಕೆ ಅಡಿಯಲ್ಲಿ ಹರಿಯುತ್ತಿರುತ್ತದೆ. ಮಾಜಿ ಅಧಿಕಾರಿಗಳ ಪುಸ್ತಕ ಓದುವಾಗ ಇನ್ನೊಂದು ವಿಷಯ ನೆನಪಿಡಿ. ಸಿಐಎ ಬಿಟ್ಟು ಬಂದವರು ಕಾದಂಬರಿ ಬರೆದರೂ ಅಚ್ಚಿಗೆ ಮೊದಲು ಸಂಸ್ಥೆಯ ಪರಿಶೀಲನಾ ಮಂಡಳಿಗೆ ತೋರಿಸಬೇಕು. ಅಂದರೆ ನಮ್ಮ ಕೈಗೆ ಬರುವುದು ಆಫೀಸೇ ಓದಿ ಬಿಟ್ಟ ಪ್ರತಿ.

ಅಷ್ಟಾದರೂ ಐ.ಎಸ್. ಬೆರ್ರಿ ಅವರ 'ದಿ ಪೀಕಾಕ್ ಅಂಡ್ ದಿ ಸ್ಪ್ಯಾರೊ' (2023) ಹೇಗೆ ಹೊರಬಂತೋ ಅಂತ ನನಗೆ ಬೆರಗು. ಇವರೂ ಸಿಐಎಯಲ್ಲಿದ್ದವರೇ. ಕಥೆ ನಡೆಯುವುದು ಬಹ್ರೇನ್‌ನಲ್ಲಿ, ಅರಬ್ ವಸಂತದ ಗಲಾಟೆಯ ಹೊತ್ತಿಗೆ. ಶೇನ್ ಕಾಲಿನ್ಸ್ ಎಂಬ ನಡುವಯಸ್ಸು ದಾಟಿದ ಅಧಿಕಾರಿ, ನಿವೃತ್ತಿ ಹತ್ತಿರ, ಕುಡಿತ ಜಾಸ್ತಿ, ತನಗಿಂತ ಚಿಕ್ಕವನಾದ ಬಾಸ್. ಆ ಬಾಸ್‌ಗೆ ಒಂದೇ ಬಗೆಯ ವರದಿ ಬೇಕು: ಈ ದಂಗೆಯ ಹಿಂದೆ ಇರಾನ್ ಇದೆ ಅಂತ. ಬೀದಿಯಲ್ಲಿ ಕಾಣುವುದು ಬೇರೆ. ಶೇನ್ ಏನು ಬರೆಯುತ್ತಾನೆ, ಯಾಕೆ ಬರೆಯುತ್ತಾನೆ ಎನ್ನುವುದರಲ್ಲೇ ಇಡೀ ಕಾದಂಬರಿ ಇದೆ. ಕಥೆ ಹೇಳುವವನೂ ಅವನೇ. ಅವನ ಮಾತನ್ನು ಎಷ್ಟು ನಂಬಬೇಕು ಅಂತ ನಾವೇ ಅಂದಾಜು ಮಾಡಬೇಕು. ಚೊಚ್ಚಲ ಕಾದಂಬರಿಗೆ ಕೊಡುವ ಎಡ್ಗರ್ ಪ್ರಶಸ್ತಿ 2024ರಲ್ಲಿ ಇದಕ್ಕೆ ಬಂತು. ಬರಬೇಕಾದದ್ದೇ.

ತೋಪಖಾನೆ:

ಮಾಜಿ ಅಧಿಕಾರಿಗಳು ಅಂದ ಕೂಡಲೆ ಜೇಸನ್ ಮ್ಯಾಥ್ಯೂಸ್ ನೆನಪಾದರು. 33 ವರ್ಷ ಸಿಐಎಯಲ್ಲಿ ದುಡಿದು 'ರೆಡ್ ಸ್ಪ್ಯಾರೊ' (2013) ಬರೆದರು. ಪ್ರತಿ ಅಧ್ಯಾಯದ ಕೊನೆಗೆ ಅದರಲ್ಲಿ ಬಂದ ಒಂದು ತಿಂಡಿ ಮಾಡುವ ವಿಧಾನ! ಚಿತ್ರಹಿಂಸೆಯ ದೃಶ್ಯ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಸೂಪ್ ಮಾಡುವುದು ಹೇಗೆ ಅಂತ ಶುರು. ಯಾರಾದರೂ ಮಾಡಿ ನೋಡಿದ್ದೀರಾ?

ಗುರುತ್ವ:

ಎಲ್ಲರೂ ಸ್ಪೈ ಕಡೆಯೇ ಎಳೆಯುತ್ತಿದ್ದೀರಿ. ಬಾಹ್ಯಾಕಾಶದ ಕಡೆಯಿಂದ ಒಂದು ತಕರಾರು. ಮಸಿಬಾಟ್ಲಿ ಅವರು 'ಮೇಲಿನವರು ಮುಚ್ಚಿಡುತ್ತಾರೆ' ಅನ್ನುತ್ತಾರೆ. ಒಳ್ಳೆಯ ಮಿಲಿಟರಿ ಸೈ-ಫೈಯಲ್ಲಿ ಮುಚ್ಚಿಡುವುದು ಮನುಷ್ಯರಲ್ಲ, ದೂರ.

ಬಿಡಿಸಿ ಹೇಳುತ್ತೇನೆ. ಬಾಹ್ಯಾಕಾಶದಲ್ಲಿ ಅಡಗಿ ಕೂರುವುದು ಬಹಳ ಕಷ್ಟ. ಒಳಗೆ ಜನ ಬದುಕಿರಬೇಕಾದರೆ ಹಡಗು ಸುಮಾರು 290 ಕೆಲ್ವಿನ್‌ನಷ್ಟು, ಅಂದರೆ ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬೇಕು. ಹಿಂದಿನ ಆಕಾಶ ಸುಮಾರು 3 ಕೆಲ್ವಿನ್, ಅಂದರೆ ಮೈನಸ್ 270 ಡಿಗ್ರಿ. ಆ ಕಗ್ಗತ್ತಲ ಚಳಿಯಲ್ಲಿ ಬೆಚ್ಚಗಿನ ವಸ್ತು ಶಾಖ ಗುರುತಿಸುವ ಇನ್‌ಫ್ರಾರೆಡ್ ಕಣ್ಣಿಗೆ ಎದ್ದು ಕಾಣುತ್ತದೆ. ಎಂಜಿನ್ ಹೊತ್ತಿಸಿದರಂತೂ ಕೇಳುವುದೇ ಬೇಡ. ಕೆಲವು ಲೇಖಕರು ಶಾಖವನ್ನು ಹಡಗಿನೊಳಗೇ ಕೂಡಿಟ್ಟುಕೊಳ್ಳುವ ಉಪಾಯ ತರುತ್ತಾರೆ. ಆಗಲಿ, ಆದರೆ ಒಳಗಿನವರು ಬೇಯುವ ಮುಂಚೆ ಎಷ್ಟು ಹೊತ್ತು?

ಹಾಗಾಗಿ ಇಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಆದರೆ ಕಾಣುವುದು ಹಳೆಯ ಚಿತ್ರ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡು ಬೇಕು. ಮಂಗಳಕ್ಕೆ ಒಂದು ಮಾತು ಕಳಿಸಿದರೆ ಅದು ಎಲ್ಲಿದೆ ಅನ್ನುವುದರ ಮೇಲೆ ಸುಮಾರು 3 ನಿಮಿಷದಿಂದ 22 ನಿಮಿಷ. ಉತ್ತರ ಬರಲು ಮತ್ತೆ ಅಷ್ಟೇ. ಈಗ ಸೌರಮಂಡಲದ ಆಚೆ ತುದಿಯಲ್ಲಿ ಶತ್ರುವಿನ ನೌಕಾಪಡೆ ಇದೆ ಅಂದುಕೊಳ್ಳಿ. ನೀವು ನೋಡುತ್ತಿರುವುದು ಕೆಲವು ಗಂಟೆಗಳ ಹಿಂದಿನ ಶತ್ರುವನ್ನು. ಅವನು ಆಮೇಲೆ ಏನು ಮಾಡಿದ ಗೊತ್ತಿಲ್ಲ. ನೀವು ಬಂದದ್ದು ಅವನಿಗೆ ಇನ್ನೂ ಕಂಡಿಲ್ಲ. ಕಂಡಾಗ ಅವನು ಬೆಚ್ಚಿಬೀಳುವುದು ನಿಮಗೆ ಕಾಣಲು ಮತ್ತೆ ಅಷ್ಟು ಗಂಟೆ.

ಇದನ್ನೇ ಇಡೀ ಸರಣಿಯ ಬೆನ್ನೆಲುಬು ಮಾಡಿಕೊಂಡವರು ಜ್ಯಾಕ್ ಕ್ಯಾಂಬೆಲ್. ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದವರು. 'ದಿ ಲಾಸ್ಟ್ ಫ್ಲೀಟ್' ಸರಣಿ 2006ರಲ್ಲಿ ಶುರುವಾಯಿತು. ನೂರು ವರ್ಷ ಹಿಮನಿದ್ದೆಯಲ್ಲಿದ್ದು ಎದ್ದ ಕ್ಯಾಪ್ಟನ್ ಗಿಯರಿ, ಶತ್ರುವಿನ ನಾಡಿನಲ್ಲಿ ಸಿಕ್ಕಿಬಿದ್ದ ನೌಕಾಪಡೆಯನ್ನು ಮನೆಗೆ ಕರೆತರಬೇಕು. ಆಜ್ಞೆ ಕೊಟ್ಟರೆ ಹತ್ತಿರದ ಹಡಗಿಗೆ ಬೇಗ, ದೂರದ ಹಡಗಿಗೆ ತಡವಾಗಿ ಮುಟ್ಟುತ್ತದೆ. ಎಲ್ಲವೂ ಒಟ್ಟಿಗೆ ತಿರುಗಬೇಕಾದರೆ ಆ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕಬೇಕು. ಶೈಲಿ ಸಾದಾ. ಪಾತ್ರಗಳ ಪ್ರೇಮ ಪ್ರಸಂಗ ನೀರಸ. ಆದರೆ ಕಾಳಗ ಬಂತು ಅಂದರೆ ಪೆನ್ಸಿಲ್ ಹಿಡಿದು ಓದಬೇಕು ಅನ್ನಿಸುತ್ತದೆ.

ತೋಪಖಾನೆ:

ಗುರುತ್ವ ಸಾರ್, ಕೈ ಮುಗಿದೆ. ಇದಕ್ಕೇ ನಾನು ಇಲ್ಲಿ ಕೂತಿರೋದು.

ಮಸಿಬಾಟ್ಲಿ:

ಗುರುತ್ವ ಅವರೇ, ನನ್ನ ವಾದ ಮುರಿಯಲು ಬಂದು ಅದಕ್ಕೇ ಕಂಬ ನೆಟ್ಟಿರಿ! ಡಮಾಸ್ಕಸ್‌ನಲ್ಲಿ ಕೂತ ಅಧಿಕಾರಿಗೆ ಏಜೆಂಟು ಕೊಡುವ ಸುದ್ದಿಯೂ ಹಳೆಯದೇ. ಅವಳು ಹೇಳಿದ್ದು ಮೊನ್ನೆಯ ಮಾತು. ಈ ಮಧ್ಯೆ ಅವಳು ಸಿಕ್ಕಿಬಿದ್ದಿರಬಹುದು, ತಿರುಗಿಬಿದ್ದಿರಬಹುದು. ಗಿಯರಿಗೆ ಬೆಳಕು ತಡ, ಇವನಿಗೆ ಮನುಷ್ಯ ತಡ. ಇಬ್ಬರೂ ಹಳೆಯ ಚಿತ್ರ ನೋಡಿಯೇ ಇವತ್ತಿನ ತೀರ್ಮಾನ ಮಾಡಬೇಕು.

ಗುರುತ್ವ:

ಒಂದು ವ್ಯತ್ಯಾಸ ಇದೆ. ಬೆಳಕು ತಡವಾಗಿ ಬರುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. ಏಜೆಂಟು ಎರಡೂ ಮಾಡಬಹುದು.

ಇನ್ನು ದೂರ ಅಂದಾಗ ಈಚಿನದಲ್ಲದ ಒಂದು ಪುಸ್ತಕ ಹೇಳದೆ ಮುಂದೆ ಹೋಗಲಾಗುವುದಿಲ್ಲ. ಜೋ ಹಾಲ್ಡ್‌ಮನ್ ಅವರ 'ದಿ ಫಾರೆವರ್ ವಾರ್' (1974). ಲೇಖಕರು ಭೌತಶಾಸ್ತ್ರ, ಖಗೋಳಶಾಸ್ತ್ರ ಓದಿ, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಗಾಯಗೊಂಡು ಬಂದವರು. ಬೆಳಕಿನ ವೇಗದ 99% ವೇಗದಲ್ಲಿ ಹೋಗುವ ಹಡಗಿನಲ್ಲಿ ಒಂದು ವರ್ಷ ಕಳೆದರೆ ಮನೆಯಲ್ಲಿ ಸುಮಾರು ಏಳು ವರ್ಷ ಕಳೆದಿರುತ್ತದೆ. ವೇಗ ಇನ್ನೂ ಹೆಚ್ಚಿದರೆ ದಶಕ, ಶತಮಾನ. ಸಿಪಾಯಿ ವಾಪಸ್ ಬಂದಾಗ ಅವನು ಯಾವ ಲೋಕಕ್ಕಾಗಿ ಹೋರಾಡಿದನೋ ಆ ಲೋಕ ಇಲ್ಲ. ಹಾಗಾಗಿ ಮತ್ತೆ ಸೇನೆಗೇ ಸೇರುತ್ತಾನೆ. ಈಗ ಬರುತ್ತಿರುವ ಹತ್ತಾರು ಯುದ್ಧದ ಕಾದಂಬರಿಗಳಲ್ಲಿ ಇದರ ನೆರಳಿದೆ. 'ದಿ ಲೈಟ್ ಬ್ರಿಗೇಡ್' ಕೂಡ ಇದರ ಮೊಮ್ಮಗಳೇ.

ಹಳೇರೇಡಿಯೊ:

ಚರ್ಚೆ ತಡವಾಗಿ ನೋಡಿದೆ. ಬೆಳಕಿನ ಹಾಗೆ.

ನಾನು ಜಾನ್ ಲೆ ಕಾರೆ ಓದಿ ಬೆಳೆದವನು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಇನ್ನು ಅವರ ಗೂಢಚಾರ ನಾಯಕ ಸ್ಮೈಲಿ ಇಲ್ಲ ಅಂದುಕೊಂಡಿದ್ದೆ. 2024ರಲ್ಲಿ ಅವರ ಮಗ ನಿಕ್ ಹಾರ್ಕವೇ 'ಕಾರ್ಲಾಸ್ ಚಾಯ್ಸ್' ಬರೆದರು. ಅನುಮಾನದಿಂದಲೇ ಹಿಡಿದೆ. ಅಪ್ಪನ ದನಿಯನ್ನು ನಕಲು ಹೊಡೆಯದೆ ಅಪ್ಪನ ಲೋಕವನ್ನು ಹಿಡಿದಿದ್ದಾರೆ. ಹೆಣ್ಣು ಪಾತ್ರಗಳು ಅಪ್ಪನ ಪುಸ್ತಕಗಳಿಗಿಂತ ಚುರುಕಾಗಿವೆ ಅಂತಲೂ ಹೇಳಬೇಕು. ಅದು ನಡೆಯುವುದು 1963ರಲ್ಲಿ. ಲೇಖಕರು ಈಗಲೂ ಆ ಕಾಲಕ್ಕೇ ಯಾಕೆ ಓಡುತ್ತಾರೆ ಅಂತ ಯೋಚಿಸಿದ್ದೀರಾ?

ನನ್ನ ಉತ್ತರ: ಫೋನು. ಈಗ ಗೂಢಚಾರನಾಗಿ ಬದುಕುವುದೇ ಕಷ್ಟ. 2018ರ ಜನವರಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಓಟದ ದಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ಹಾಕಿದ್ದ ನಕ್ಷೆಯಲ್ಲಿ ಮರುಭೂಮಿಯ ಸೇನಾ ನೆಲೆಗಳು ಹೊಳೆಯುತ್ತಿದ್ದವು. ಸೈನಿಕರು ಬೆಳಗ್ಗೆ ಓಡಿದ ದಾರಿಯೇ ನೆಲೆಯ ನಕ್ಷೆ ಬರೆದಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ರಷ್ಯಾದ ಮಾಜಿ ಗೂಢಚಾರ ಸೆರ್ಗೇ ಸ್ಕ್ರಿಪಾಲ್‌ಗೆ ವಿಷ ಹಾಕಿದ ಪ್ರಕರಣ. ಶಂಕಿತರಿಬ್ಬರ ಓಡಾಟ ಸಿಸಿಟಿವಿಯಲ್ಲಿ ಸಿಕ್ಕಿತು. ಅವರ ಪಾಸ್‌ಪೋರ್ಟಿನ ಸುಳ್ಳು ಹೆಸರುಗಳ ಹಿಂದಿನ ನಿಜವಾದ ಹೆಸರುಗಳನ್ನು ಬೆಲಿಂಗ್‌ಕ್ಯಾಟ್ ಎಂಬ ತನಿಖಾ ಪತ್ರಕರ್ತರ ತಂಡದವರು ಕಂಪ್ಯೂಟರ್ ಮುಂದೆ ಕೂತೇ ಬಯಲು ಮಾಡಿದರು. ಇಂಥ ಕಾಲದಲ್ಲಿ ಸುಳ್ಳು ಮೀಸೆ ಅಂಟಿಸಿಕೊಂಡು ಗಡಿ ದಾಟುವ ಕಥೆ ಬರೆದರೆ ಯಾರು ನಂಬುತ್ತಾರೆ? 1963ಕ್ಕೆ ಹೋದರೆ ಸುಲಭ. ಅಲ್ಲಿ ಕಾಗದ ಸುಟ್ಟರೆ ಸುಟ್ಟಂತೆಯೇ.

ನಿದ್ದೆಗೆಟ್ಟವ:

ಹಳೇರೇಡಿಯೊ ಸಾರ್, ವಿಷಯ ಒಪ್ಪಿದೆ. ತೀರ್ಮಾನ ಒಪ್ಪಲಾರೆ. ಕಷ್ಟ ಆಗಿರುವುದರಿಂದಲೇ ಈಗಿನ ಪುಸ್ತಕಗಳು ರುಚಿ. ಮೊದಲು ಫೋನ್ ಒಯ್ದರೆ ಅಪಾಯ ಇತ್ತು. ಈಗ ಮನೆಯಲ್ಲಿ ಬಿಟ್ಟು ಹೋದರೂ ಅಪಾಯ. ದಿನಾ ಜೊತೆಗಿರುವ ಫೋನು ಒಂದು ಸಂಜೆ ಮಾತ್ರ ಅಲುಗಾಡದೆ ಮನೆಯಲ್ಲಿ ಬಿದ್ದಿದ್ದರೆ ಅದೇ ಒಂದು ಸುಳಿವು. 2015ರಲ್ಲಿ ಅಮೆರಿಕದ ಸರ್ಕಾರಿ ಸಿಬ್ಬಂದಿ ಕಚೇರಿಯ ಕಂಪ್ಯೂಟರುಗಳಿಂದ 2 ಕೋಟಿ 15 ಲಕ್ಷ ಜನರ ವಿವರ ಕಳವಾದದ್ದು ಬಯಲಾಯಿತು. ಅದರಲ್ಲಿ ಲಕ್ಷಾಂತರ ಬೆರಳಚ್ಚುಗಳೂ ಇದ್ದವು. ಹೆಸರು ಬದಲಿಸಬಹುದು, ಬೆರಳು ಬದಲಿಸಲಾಗುತ್ತದೆಯೇ?

ಅದಕ್ಕೇ ಮೆಕ್‌ಕ್ಲಾಸ್ಕಿಯ 'ಮಾಸ್ಕೋ ಎಕ್ಸ್' (2023) ಸುಳ್ಳು ಮೀಸೆಯ ದಾರಿ ಬಿಟ್ಟಿದೆ. ಅಲ್ಲಿನ ನಾಯಕಿ ಲಂಡನ್ನಿನಲ್ಲಿ ನಿಜವಾಗಿಯೂ ವಕೀಲೆ. ಅವಳ ಜೊತೆಗಾರ ಮೆಕ್ಸಿಕೋದಲ್ಲಿ ನಿಜವಾಗಿಯೂ ಕುದುರೆ ಸಾಕುವವನು. ವೇಷ ಅಂತ ಬೇರೆ ಇಲ್ಲ. ಬದುಕೇ ವೇಷ. ಎಷ್ಟು ಹುಡುಕಿದರೂ ಸಿಗುವುದು ನಿಜವಾದ ಕಾಗದಪತ್ರವೇ.

ಹೊಸಎಲೆ:

ನಾನು ಸುಮ್ಮನೆ ಓದುತ್ತಿದ್ದೆ. ಒಂದು ಸಹಾಯ ಬೇಕು. ಯಾರದೋ ಮಾತು ಕೇಳಿ 'ನೈನ್‌ಫಾಕ್ಸ್ ಗ್ಯಾಂಬಿಟ್' ಶುರು ಮಾಡಿದೆ. ಮೊದಲ ಅಧ್ಯಾಯವೇ ತಲೆಗೆ ಹತ್ತಲಿಲ್ಲ. ಕ್ಯಾಲೆಂಡರ್ ಹಿಡಿದುಕೊಂಡು ಯುದ್ಧ ಮಾಡುತ್ತಾರೆ ಅಂದರೆ ಏನರ್ಥ? ಬಿಟ್ಟುಬಿಡಲಾ?

ಕಾಗದದೋಣಿ:

ಬಿಡಬೇಡಿ ದಯವಿಟ್ಟು! ಯೂನ್ ಹಾ ಲೀ ಗಣಿತ ಓದಿದವರು. 2016ರ ಈ ಪುಸ್ತಕದಲ್ಲಿ ಒಂದೇ ಒಂದು ವಿಚಿತ್ರ ನಿಯಮ ಇದೆ. ಅದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ನೀರು ಕುಡಿದ ಹಾಗೆ. ಆ ಸಾಮ್ರಾಜ್ಯದ ಆಯುಧಗಳು ಕೆಲಸ ಮಾಡಬೇಕಾದರೆ ಅಲ್ಲಿನ ಜನ ಒಂದೇ ಪಂಚಾಂಗ ಪಾಲಿಸಬೇಕು. ಅದೇ ಹಬ್ಬ, ಅದೇ ವ್ರತ, ಅದೇ ದಿನಕ್ಕೆ ಅದೇ ಕ್ರೂರ ಆಚರಣೆ. ಎಲ್ಲರೂ ಪಾಲಿಸಿದರೆ ಆ ಜಾಗದಲ್ಲಿ ಭೌತಶಾಸ್ತ್ರವೇ ಬಾಗುತ್ತದೆ. ಯಾರಾದರೂ ಬೇರೆ ಪಂಚಾಂಗ ಹಿಡಿದರೆ ಬಂದೂಕು ಕೈಕೊಡುತ್ತದೆ. ಅಂದರೆ ಭಿನ್ನಮತ ಇದ್ದರೆ ಸಾಕು, ಸೇನೆ ಸೋಲುತ್ತದೆ. ಸರ್ವಾಧಿಕಾರಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕಾ?

ಗಣಿತದ ಮಾತು ಅರ್ಥವಾಗದಿದ್ದರೆ ದಾಟಿಕೊಂಡು ಹೋಗಿ. ಕ್ಯಾಪ್ಟನ್ ಚೆರಿಸ್‌ಳ ತಲೆಯೊಳಗೆ ಒಬ್ಬ ಸತ್ತ ಸೇನಾಪತಿ ಕೂತಿರುತ್ತಾನೆ. ಹಿಂದೊಮ್ಮೆ ಶತ್ರುಗಳ ಜೊತೆ ತನ್ನ ಸೈನ್ಯವನ್ನೂ ಕೊಂದವನು. ಅವನ ಸಲಹೆ ಇಲ್ಲದೆ ಗೆಲ್ಲಲಾಗುವುದಿಲ್ಲ, ಅವನನ್ನು ನಂಬಲೂ ಆಗುವುದಿಲ್ಲ. ಇದು ಅಪ್ಪಟ ಸ್ಪೈ ಕಥೆ. ಒಂದೇ ವ್ಯತ್ಯಾಸ, ಏಜೆಂಟು ಮತ್ತು ಏಜೆಂಟನ್ನು ನಡೆಸುವ ಹ್ಯಾಂಡ್ಲರ್ ಒಂದೇ ಮೈಯಲ್ಲಿದ್ದಾರೆ.

ಹೊಸಎಲೆ:

ಪಂಚಾಂಗ ಅಂದ ಕೂಡಲೆ ದೀಪ ಹತ್ತಿತು. ಮತ್ತೆ ತೆಗೆಯುತ್ತೇನೆ. ಇಂಥ ಎರಡೂ ಬೆರೆತ ಪುಸ್ತಕ, ಆದರೆ ಸ್ವಲ್ಪ ಸುಲಭದ್ದು?

ಕಾಗದದೋಣಿ:

ಆರ್ಕಡಿ ಮಾರ್ಟೀನ್ ಅವರ 'ಎ ಮೆಮೊರಿ ಕಾಲ್ಡ್ ಎಂಪೈರ್' (2019), ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಲೇಖಕಿ ಬೈಜಾಂಟೈನ್ ಇತಿಹಾಸದ ವಿದ್ವಾಂಸೆ. ಚಿಕ್ಕ ಬಾಹ್ಯಾಕಾಶ ನಿಲ್ದಾಣವೊಂದರಿಂದ ದೊಡ್ಡ ಸಾಮ್ರಾಜ್ಯದ ರಾಜಧಾನಿಗೆ ರಾಯಭಾರಿಯಾಗಿ ಬರುವ ಮಹಿತ್‌ಳಿಗೆ ಹಿಂದಿನ ರಾಯಭಾರಿ ಹೇಗೆ ಸತ್ತ ಅಂತ ಗೊತ್ತಿಲ್ಲ. ಅವನ ನೆನಪುಗಳ ಪ್ರತಿ ಅವಳ ತಲೆಯೊಳಗಿದೆ. ಆದರೆ ಅದು 15 ವರ್ಷ ಹಳೆಯದು! ಗುರುತ್ವ ಅವರ ಹಳೆಯ ಚಿತ್ರ ಇಲ್ಲೂ ಬಂತು ನೋಡಿ. ಇಲ್ಲಿ ಯುದ್ಧ ಬಾಗಿಲ ಹೊರಗೆ ಕಾಯುತ್ತಿರುತ್ತದೆ. ಎರಡನೇ ಪುಸ್ತಕ 'ಎ ಡೆಸೊಲೇಷನ್ ಕಾಲ್ಡ್ ಪೀಸ್' (2021) ನಲ್ಲಿ ಒಳಗೇ ಬರುತ್ತದೆ. ಎರಡಕ್ಕೂ ಸೈ-ಫೈ ಪುಸ್ತಕಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಬಂದಿದೆ.

ಇನ್ನೊಂದು, ಜೇಮ್ಸ್ ಎಸ್.ಎ. ಕೋರಿ ಅವರ 'ದಿ ಮರ್ಸಿ ಆಫ್ ಗಾಡ್ಸ್' (2024). ಇದು ಇಬ್ಬರು ಸೇರಿ ಇಟ್ಟುಕೊಂಡ ಹೆಸರು, 'ದಿ ಎಕ್ಸ್‌ಪ್ಯಾನ್ಸ್' ಸರಣಿ ಬರೆದ ಜೋಡಿಯೇ. ಮನುಷ್ಯರು ಮೊದಲ ಏಟಿಗೇ ಸೋತು ಅನ್ಯಗ್ರಹದವರ ಕೈದಿಗಳಾಗುತ್ತಾರೆ. ಕೈದಿಗಳ ನಡುವೆ ಒಂದು ಗೂಢಚಾರ ಜೀವಿ ಸೇರಿಕೊಂಡಿದೆ. ಅದು ಮನುಷ್ಯರದೂ ಅಲ್ಲ, ಗೆದ್ದವರದೂ ಅಲ್ಲ. ಹೆಚ್ಚು ಹೇಳಲಾರೆ. ಆ ಜೀವಿಯ ಮನಸ್ಸಿನೊಳಗಿನ ಅಧ್ಯಾಯಗಳಿಗಾಗಿಯೇ ಓದಬೇಕು.

ತೋಪಖಾನೆ:

ಅದರಲ್ಲಿ ಯುದ್ಧ ಮೊದಲ ಭಾಗದಲ್ಲೇ ಮುಗಿದುಹೋಗುತ್ತದೆ. ಆಮೇಲೆ ಪ್ರಯೋಗಾಲಯ, ಪ್ರಯೋಗಾಲಯ, ಪ್ರಯೋಗಾಲಯ. ಹೊಸಎಲೆ ಅವರೇ, ನೀವು ಜಾನ್ ಸ್ಕಾಲ್ಜಿಯ 'ಓಲ್ಡ್ ಮ್ಯಾನ್ಸ್ ವಾರ್' (2005) ಹಿಡಿಯಿರಿ. 75 ವಯಸ್ಸಾದ ಮೇಲೆ ಸೇನೆಗೆ ಸೇರಿಸಿಕೊಳ್ಳುತ್ತಾರೆ. ಹೊಸ ಹಸಿರು ಮೈ ಕೊಡುತ್ತಾರೆ. ಏಳನೇ ಪುಸ್ತಕ 2025ರಲ್ಲಿ ಬಂದಿದೆ, ಆದ್ದರಿಂದ ಈಚಿನದು ಅಂತಲೂ ಸೇರಿಸಬಹುದು.

ಹಳೇರೇಡಿಯೊ:

ಮುಪ್ಪಿನಲ್ಲಿ ಹೊಸ ಮೈ ಸಿಗುತ್ತದೆ ಅಂದರೆ ನಾನೂ ಸೇನೆಗೆ ರೆಡಿ. ಹಸಿರಾದರೂ ಪರವಾಗಿಲ್ಲ.

ಗುರುತ್ವ:

ನನಗೆ ಸೇರದ ಒಂದು ಗುಂಪಿನ ಬಗ್ಗೆಯೂ ಹೇಳಿಬಿಡುತ್ತೇನೆ. 'ನಾಳೆಯ ಯುದ್ಧ ಹೀಗಿರುತ್ತದೆ' ಅಂತ ತೋರಿಸಲೆಂದೇ ಬರೆದ ಪುಸ್ತಕಗಳು. ಪಿ.ಡಬ್ಲ್ಯೂ. ಸಿಂಗರ್, ಆಗಸ್ಟ್ ಕೋಲ್ ಬರೆದ 'ಘೋಸ್ಟ್ ಫ್ಲೀಟ್' (2015) ಒಂದು. ಅದರ ಕೊನೆಗೆ ನೂರಾರು ಅಡಿಟಿಪ್ಪಣಿಗಳಿವೆ. ಪ್ರತಿ ಆಯುಧಕ್ಕೂ ಆಧಾರ ಕೊಟ್ಟಿದ್ದಾರೆ. ಇನ್ನೊಂದು '2034' (2021). ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ನಿವೃತ್ತ ಅಡ್ಮಿರಲ್ ಜೇಮ್ಸ್ ಸ್ಟಾವ್ರಿಡಿಸ್. ಫ್ರಾನ್ಸಿನ ರಕ್ಷಣಾ ಇಲಾಖೆ 2019ರಲ್ಲಿ, ಭವಿಷ್ಯದ ಅಪಾಯಗಳನ್ನು ಊಹಿಸಲು ಸೈ-ಫೈ ಲೇಖಕರ ತಂಡವನ್ನೇ ಕಟ್ಟುವುದಾಗಿ ಹೇಳಿತು. ಕೆಲಸ ಉಪಯುಕ್ತವೇ ಇರಬಹುದು. ಆದರೆ ಕಾದಂಬರಿಯಾಗಿ ಓದಿದರೆ ಪಾತ್ರಗಳು ಬಂದು ವರದಿ ಒಪ್ಪಿಸಿ ಹೋಗುತ್ತವೆ. 'ಘೋಸ್ಟ್ ಫ್ಲೀಟ್' ಓದಿ, ಚಿಪ್‌ನಲ್ಲಿ ಮೋಸ ಇತ್ತು ಅಂತ ನನಗೆ ಅರ್ಥವಾಯಿತು. ಆ ಚಿಪ್ ನಂಬಿ ಸತ್ತ ಪೈಲಟ್ ಯಾರು ಅಂತ ಮಾತ್ರ ನೆನಪಿಲ್ಲ.

ಕಾಗದದೋಣಿ:

ಅದಕ್ಕೆ ಸರಿಯಾದ ಉತ್ತರ ಏಡ್ರಿಯನ್ ಚೈಕಾವ್‌ಸ್ಕಿ ಅವರ 'ಡಾಗ್ಸ್ ಆಫ್ ವಾರ್' (2017). ಇದರ ನಾಯಕ ರೆಕ್ಸ್. ಯುದ್ಧಕ್ಕೆಂದೇ ತಯಾರಿಸಿದ, ಮಾತಾಡುವ, ಏಳಡಿ ಎತ್ತರದ ನಾಯಿ. ಯಜಮಾನ ಹೇಳಿದ್ದು ಮಾಡಿದರೆ ತಲೆಯೊಳಗಿನ ಚಿಪ್ 'ಒಳ್ಳೇ ನಾಯಿ' ಅನ್ನುತ್ತದೆ. ಅವನಿಗೆ ಅಷ್ಟು ಸಾಕು. ಯಾರನ್ನು ಕೊಂದೆ ಅಂತ ಕೇಳುವುದಿಲ್ಲ. ಒಂದು ದಿನ ಯಜಮಾನನ ಸಂಪರ್ಕ ಕಡಿದುಹೋಗುತ್ತದೆ. ಎದುರಿಗಿರುವವರು ಶತ್ರುಗಳೋ ಅಲ್ಲವೋ ಅಂತ ಹೇಳುವವರಿಲ್ಲ. ಮೊದಲ ಸಲ ತಾನೇ ಯೋಚಿಸಬೇಕು. ಆಮೇಲೆ ಕಥೆ ನ್ಯಾಯಾಲಯಕ್ಕೆ ಹೋಗುತ್ತದೆ: ಹೇಳಿದ್ದು ಮಾಡುವಂತೆಯೇ ತಯಾರಿಸಿದ ಜೀವಿಯ ಕೈಯಲ್ಲಿ ಕೊಲೆಯಾದರೆ ಕೊಂದವರು ಯಾರು? ಇದಕ್ಕೆ ಅಡಿಟಿಪ್ಪಣಿ ಬೇಕಾಗಿಲ್ಲ. ನನಗೆ ಗಂಟಲು ಕಟ್ಟಿತು.

ನಿದ್ದೆಗೆಟ್ಟವ:

ಎಮಿಲಿ ಟೆಶ್ ಅವರ 'ಸಮ್ ಡೆಸ್ಪರೇಟ್ ಗ್ಲೋರಿ' (2023) ಯಾರೂ ಎತ್ತಲಿಲ್ಲ? 2024ರ ಹ್ಯೂಗೊ ಬಂದ ಪುಸ್ತಕ. ಭೂಮಿ ನಾಶವಾದ ಮೇಲೆ ಸೇಡಿಗಾಗಿಯೇ ಬದುಕಿರುವ ಒಂದು ನಿಲ್ದಾಣ. ಕೈರ್ ಎಂಬ ಹುಡುಗಿ ಅಲ್ಲಿ ಅತ್ಯುತ್ತಮ ಯೋಧೆ. ಮೇಲಿನವರು ಅವಳನ್ನು ಯುದ್ಧಕ್ಕೆ ಕಳಿಸದೆ ಮಕ್ಕಳನ್ನು ಹೆರುವ ವಿಭಾಗಕ್ಕೆ ಹಾಕುತ್ತಾರೆ. ಅಲ್ಲಿಂದ ಅವಳ ನಂಬಿಕೆ ಬಿರುಕು ಬಿಡುತ್ತದೆ. ಮೊದಲ ಅರ್ಧ ಅದ್ಭುತ. ಕೈರ್‌ಳನ್ನು ಇಷ್ಟಪಡುವುದೇ ಕಷ್ಟ, ಅಷ್ಟು ಒರಟಿ, ಅಷ್ಟು ಮತಾಂಧೆ. ಆ ಧೈರ್ಯ ಮೆಚ್ಚಬೇಕು. ಎರಡನೇ ಅರ್ಧದಲ್ಲಿ ಕಥೆ ತಿರುಗುವ ರೀತಿ ನನಗೆ ಸರಿಬರಲಿಲ್ಲ. ಅಷ್ಟು ಹೊತ್ತು ಕಟ್ಟಿದ ಭಾರವನ್ನು ಲೇಖಕಿ ಸುಲಭವಾಗಿ ಇಳಿಸಿಬಿಟ್ಟರು ಅನ್ನಿಸಿತು.

ಮಸಿಬಾಟ್ಲಿ:

ಆ ತಿರುವು ಸುಲಭ ಅಂತ ನನಗೆ ಅನ್ನಿಸಲಿಲ್ಲ. ಬೇರೆ ಹಾಗೆ ಬೆಳೆದಿದ್ದರೆ ಕೈರ್ ಯಾರಾಗಿರುತ್ತಿದ್ದಳು ಅಂತ ತೋರಿಸಲು ಅದು ಬೇಕಿತ್ತು. ಆದರೆ ಕೊನೆಯ ಕೆಲವು ಅಧ್ಯಾಯಗಳು ಅವಸರದವು, ಅದು ನಿಜ.

ಈಗ ಎಲ್ಲರ ಮಾತು ಸೇರಿಸಿ ನೋಡಿದರೆ ನನ್ನ ವಾದವನ್ನು ಸ್ವಲ್ಪ ತಿದ್ದಬೇಕು. ಹೆಡ್ಡಾಫೀಸು ಸುಳ್ಳು ಹೇಳುತ್ತದೆ ಅನ್ನುವುದು ಕಥೆಯ ಅರ್ಧ. ಇನ್ನರ್ಧ ಕೆಳಗಿನವನದು. ಶೇನ್‌ಗೆ ಬಾಸ್ ಬಯಸುವ ವರದಿ ಸುಳ್ಳು ಅಂತ ಗೊತ್ತು. ರೆಕ್ಸ್‌ಗೆ 'ಒಳ್ಳೇ ನಾಯಿ' ಅನ್ನಿಸಿಕೊಳ್ಳುವ ಆಸೆ. ಕೈರ್‌ಗೆ ನಂಬಿಕೆಯೇ ಬೆನ್ನುಮೂಳೆ. ಮೋಸ ಹೋಗುವುದರಲ್ಲಿ ಇವರ ಪಾಲೂ ಇದೆ. ಲಾಸ್ಟ್ ಫ್ಲೀಟ್‌ನ ಗಿಯರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅವನು ಬಹಳ ಒಳ್ಳೆಯವನು, ಅದಕ್ಕೇ ಸ್ವಲ್ಪ ಬೋರು. ಕ್ಷಮಿಸಿ ಗುರುತ್ವ ಸಾರ್.

ಗುರುತ್ವ:

ಕ್ಷಮಿಸಿದೆ. ನಾನು ಓದುವುದು ಗಿಯರಿಗಾಗಿ ಅಲ್ಲ, ಅವನ ಲೆಕ್ಕಕ್ಕಾಗಿ.

ಹಳೇರೇಡಿಯೊ:

ಮುಂದಿನ ತಿಂಗಳು ಒಂದೇ ಪುಸ್ತಕ ಹಿಡಿದು ಎಲ್ಲರೂ ಒಟ್ಟಿಗೆ ಓದೋಣವೇ? ನನ್ನ ಓಟು ಬೆರ್ರಿ ಅವರ ಬಹ್ರೇನ್ ಕಾದಂಬರಿಗೆ. ಶೇನ್‌ನ ಮಾತನ್ನು ಎಲ್ಲಿಂದ ನಂಬುವುದು ಬಿಟ್ಟಿರಿ ಅಂತ ಒಬ್ಬೊಬ್ಬರೂ ಪುಟದ ಸಂಖ್ಯೆ ಹೇಳಬೇಕು.

ಹೊಸಎಲೆ:

ನಾನು ಬರುತ್ತೇನೆ. ನೈನ್‌ಫಾಕ್ಸ್ ಮುಗಿದರೆ.

ತೋಪಖಾನೆ:

ನನ್ನ ಓಟು 'ದಿ ಲೈಟ್ ಬ್ರಿಗೇಡ್'ಗೆ. ಹೆಡ್ಡಾಫೀಸನ್ನು ಬೈಯಲೇಬೇಕು ಅಂತಿದ್ದರೆ ಬೈಯಿರಿ, ಮಧ್ಯೆ ಮಧ್ಯೆ ಏನಾದರೂ ಸ್ಫೋಟ ಆಗಲಿ.